165 ಪೌಂಡ್ ಕೊಟ್ಟು ಗೇಟಿನ ಹೊರಗೇ ಉಳಿದೆ: ಜರ್ಮನಿ, ಇಂಗ್ಲೆಂಡಿಗೆ ಫುಟ್‌ಬಾಲ್ ನೋಡಲು ಹೊರಟವರಿಗೆ

ಶನಿವಾರ ಮಧ್ಯಾಹ್ನ ಎರಡೂ ಮುಕ್ಕಾಲು. ಲಂಡನ್‌ನ ಒಂದು ದೊಡ್ಡ ಕ್ಲಬ್ಬಿನ ಗೇಟಿನ ಮುಂದೆ ಫೋನ್ ಹಿಡಿದು ನಿಂತಿದ್ದೆ. ಫೋನ್ ತಾಗಿಸಿದರೆ ಹಸಿರು ದೀಪ ಹತ್ತಬೇಕು. ಕೆಂಪು ಹತ್ತಿತು. ಮತ್ತೆ ತಾಗಿಸಿದೆ, ಮತ್ತೆ ಕೆಂಪು. ಅಲ್ಲಿ ಕೆಲಸಕ್ಕಿದ್ದ ಹುಡುಗಿ ಫೋನ್ ನೋಡಿ, ಈ ಪಾಸ್ ಬೇರೆ ಯಾರೋ ಸದಸ್ಯರದ್ದು, ಇವತ್ತು ಬೆಳಿಗ್ಗೆ ರದ್ದಾಗಿದೆ, ನಿಮ್ಮ ಹಾಗೆ ಇನ್ನೂ ಹಲವರು ಬಂದು ವಾಪಸ್ ಹೋದರು ಅಂದಳು. ಟಿಕೆಟ್ ಮರುಮಾರಾಟ ಮಾಡುವ ಒಂದು ವೆಬ್‌ಸೈಟಿನಲ್ಲಿ ಅದಕ್ಕೆ 165 ಪೌಂಡ್ ಕೊಟ್ಟಿದ್ದೆ. ನಮ್ಮ ಲೆಕ್ಕದಲ್ಲಿ ಹದಿನೆಂಟು ಸಾವಿರ ರೂಪಾಯಿ ಹತ್ತಿರ. ಆ ಸೈಟಿಗೆ ಆರು ಸಲ ಮೇಲ್ ಬರೆದೆ, ದುಡ್ಡು ಬರಲಿಲ್ಲ.

ಆಮೇಲೆ ತಿಳಿದ ವಿಷಯ, ನೀವು ಮೊದಲೇ ತಿಳಿದುಕೊಳ್ಳಿ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಮಾರುವುದು 1994ರ ಕಾನೂನಿನ ಪ್ರಕಾರ ಅಪರಾಧ. ಸಂಗೀತ ಕಾರ್ಯಕ್ರಮಕ್ಕೆ ಆ ಕಟ್ಟುನಿಟ್ಟು ಇಲ್ಲ, ಫುಟ್‌ಬಾಲಿಗೆ ಇದೆ. ಹೊರದೇಶದಲ್ಲಿ ಕೂತ ಸೈಟುಗಳು ಆದರೂ ಮಾರುತ್ತವೆ, ಯಾರದ್ದೋ ಸದಸ್ಯತ್ವದ ಪಾಸನ್ನು ನಮ್ಮ ಫೋನಿಗೆ ಕಳಿಸುತ್ತವೆ, ಕ್ಲಬ್ಬಿಗೆ ಗೊತ್ತಾದರೆ ಅದು ಸತ್ತ ಹಾಗೆ. ದೊಡ್ಡ ಕ್ಲಬ್ಬೇ ಬೇಕು ಅಂದರೆ ಕ್ಲಬ್ಬಿನ ಸ್ವಂತ ಸೈಟಿನಲ್ಲಿ ಸದಸ್ಯರಾಗಿ. ಬರಲಾಗದ ಸದಸ್ಯರು ತಮ್ಮ ಸೀಟನ್ನು ಬಿಟ್ಟುಕೊಡುವ ವ್ಯವಸ್ಥೆ ಅಲ್ಲೇ ಇರುತ್ತದೆ, ಪಂದ್ಯದ ಹಿಂದಿನ ಮೂರು ನಾಲ್ಕು ದಿನ ಅದನ್ನೇ ನೋಡುತ್ತಾ ಇರಬೇಕು. ಅದು ಬಿಟ್ಟು ಬೇರೆ ದಾರಿಗೆ ಒಂದು ಪೈಸೆಯನ್ನೂ ಹಾಕಬೇಡಿ.

ಒಳಗೆ ಹೋಗಲಾಗಲಿಲ್ಲ, ಟೀವಿಯಲ್ಲಾದರೂ ನೋಡೋಣ ಅಂತ ಪಕ್ಕದ ಪಬ್ಬಿಗೆ ಹೋದೆ. ಅಲ್ಲೂ ಇಲ್ಲ! ಬ್ರಿಟನ್ನಿನಲ್ಲಿ ಶನಿವಾರ 2:45ರಿಂದ 5:15ರವರೆಗೆ ಟೀವಿಯಲ್ಲಿ ಫುಟ್‌ಬಾಲ್ ನೇರ ಪ್ರಸಾರ ಮಾಡುವ ಹಾಗಿಲ್ಲ. ಬೆಂಗಳೂರಿನಲ್ಲಿ ನನ್ನ ಗೆಳೆಯ ಅದೇ ಪಂದ್ಯವನ್ನು ಮನೆಯಲ್ಲಿ ನೋಡುತ್ತಾ ಮೆಸೇಜ್ ಮಾಡುತ್ತಿದ್ದ, ನಾನು ಸ್ಟೇಡಿಯಂನಿಂದ ನೂರು ಹೆಜ್ಜೆ ದೂರದಲ್ಲಿ ಇದ್ದೆ. ಪಬ್ಬಿನಲ್ಲಿ ರೇಡಿಯೋ ಕೇಳುತ್ತಾ ಕೂತಿದ್ದ ಒಬ್ಬ ವಯಸ್ಸಾದವರು ಕಾರಣ ಹೇಳಿದರು. 1960ರ ದಶಕದಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಇದಕ್ಕಾಗಿ ಹಟ ಹಿಡಿದರಂತೆ. ದೊಡ್ಡ ಪಂದ್ಯ ಟೀವಿಯಲ್ಲಿ ಬಂದರೆ ಜನ ಮನೆಯಲ್ಲೇ ಕೂರುತ್ತಾರೆ, ಸಣ್ಣ ಊರಿನ ಕ್ಲಬ್ಬುಗಳ ಮೈದಾನ ಖಾಲಿ ಹೊಡೆಯುತ್ತದೆ ಅನ್ನುವುದು ಅವರ ವಾದ. ಆ ಅಜ್ಜ ಕೊನೆಗೆ ಹೇಳಿದ್ದು ಇದು: ಇದನ್ನು ಮರೆತುಬಿಡಿ, ಮಂಗಳವಾರ ರಾತ್ರಿ ಪ್ಲೌ ಲೇನ್‌ಗೆ ಹೋಗಿ. ಆ ಮಾತಿನಿಂದ ನನ್ನ ಪ್ರವಾಸ ಉಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಹೊರಗೆ ಬಂದು ಗೋಡೆ ಪಕ್ಕ ಅರ್ಧ ಗಂಟೆ ನಿಂತೆ. ಐವತ್ತು ಅರವತ್ತು ಸಾವಿರ ಜನ ಒಳಗಿದ್ದಾರೆ, ಆದರೆ ನಿಮಿಷಗಟ್ಟಲೆ ಸದ್ದೇ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಒಂದು ಅಬ್ಬರ. ಮತ್ತೆ ಮೌನ. ಹಿಂದಿನ ವಾರ ಜರ್ಮನಿಯಲ್ಲಿ ಕೇಳಿದ್ದು ನೆನಪಾಯಿತು. ಅಲ್ಲಿ ಸ್ಟೇಡಿಯಂ ಒಂದು ಕ್ಷಣವೂ ಸುಮ್ಮನಿರಲಿಲ್ಲ.

ನನ್ನ ಚಿಕ್ಕಪ್ಪನ ಮಗ ಡಾರ್ಟ್‌ಮುಂಡ್‌ನಲ್ಲಿ ಎಂಎಸ್ ಓದುತ್ತಾನೆ. ಅವನ ಜೊತೆ ಓದುವ ಹುಡುಗನ ಹತ್ತಿರ ಆ ಊರಿನ ಕ್ಲಬ್ಬಿನ ಸ್ಟೇಡಿಯಂನಲ್ಲಿ ದಕ್ಷಿಣ ಸ್ಟ್ಯಾಂಡಿನ ಸೀಸನ್ ಟಿಕೆಟ್, ಅಂದರೆ ಇಡೀ ಋತುವಿನ ಪಾಸ್ ಇತ್ತು, ಅವನು ಊರಿಗೆ ಹೋಗಿದ್ದರಿಂದ ಒಂದು ಪಂದ್ಯಕ್ಕೆ ಅಸಲು ಬೆಲೆಗೇ ನನಗೆ ಕೊಟ್ಟ. 20 ಯೂರೋ ಆಸುಪಾಸು. ನಾನು ಊರಿನಿಂದ ಬೆಂಗಳೂರು ಎಫ್‌ಸಿಯ ನೀಲಿ ಜೆರ್ಸಿ ತಂದಿದ್ದೆ. ಹಾಕಿಕೊಂಡು ಬಾಗಿಲಿಗೆ ಬಂದರೆ ತಮ್ಮ ತಡೆದ. "ಅಣ್ಣಾ, ಇದು ಬೇಡ. ಇಲ್ಲಿ ನೀಲಿ ಅಂದರೆ ಶಾಲ್ಕೆ" ಅಂದ. ಪಕ್ಕದ ಗೆಲ್ಸೆನ್‌ಕಿರ್ಷೆನ್ ಊರಿನ ಶಾಲ್ಕೆ ಡಾರ್ಟ್‌ಮುಂಡಿಗೆ ಹಳೆಯ ವೈರಿ. ನಿಮ್ಮ ಪೆಟ್ಟಿಗೆಯಲ್ಲಿ ನೀಲಿ ಅಂಗಿ ಇದ್ದರೆ ಆ ದಿನ ಒಳಗೇ ಇಡಿ.

ಮಧ್ಯಾಹ್ನ 3:30ಕ್ಕೆ ಆಟ. ಒಂದೂವರೆಗೆ ಒಳಗೆ ಹೋದೆವು, ಆಗಲೇ ಅರ್ಧ ಸ್ಟ್ಯಾಂಡ್ ತುಂಬಿತ್ತು. ಆ ಒಂದು ಸ್ಟ್ಯಾಂಡಿನಲ್ಲಿ ಹತ್ತಿರ ಹತ್ತಿರ 25 ಸಾವಿರ ಜನ ನಿಲ್ಲುತ್ತಾರೆ. ಕೂರಲು ಜಾಗವೇ ಇಲ್ಲ, ಮೆಟ್ಟಿಲು ಮತ್ತು ಕಬ್ಬಿಣದ ಕಂಬಿ ಅಷ್ಟೇ. ಇಡೀ ಸ್ಟೇಡಿಯಂಗೆ 81 ಸಾವಿರ ಜನ ಹಿಡಿಸುತ್ತಾರೆ. ಕೆಳಗೆ ಒಬ್ಬ ಹುಡುಗ ಮೈದಾನಕ್ಕೆ ಬೆನ್ನು ಹಾಕಿ, ಮೈಕ್ ಹಿಡಿದು ಹಾಡಿಸುತ್ತಾನೆ. ತೊಂಬತ್ತು ನಿಮಿಷದಲ್ಲಿ ಅವನು ಆಟ ನೋಡಿದ್ದು ಐದು ನಿಮಿಷ ಇರಬಹುದೇನೋ. ಪಕ್ಕದಲ್ಲಿ ಡ್ರಮ್. ಚೆಂಡು ಎಲ್ಲಾದರೂ ಇರಲಿ, ತಂಡ ಸೋಲಲಿ ಗೆಲ್ಲಲಿ, ಹಾಡು ನಿಲ್ಲುವುದಿಲ್ಲ. ಡಾರ್ಟ್‌ಮುಂಡ್ ಮೊದಲು ಒಂದು ಗೋಲು ತಿಂದಿತು. ನನ್ನ ಸುತ್ತ ಇದ್ದವರು ಎರಡು ಸೆಕೆಂಡ್ ಸುಮ್ಮನಾದರು, ಆಮೇಲೆ ಮೊದಲಿಗಿಂತ ಜೋರಾಗಿ ಶುರು ಮಾಡಿದರು. ನನಗೆ ಮೈ ಜುಮ್ಮೆಂದಿತು. ಡಾರ್ಟ್‌ಮುಂಡ್ ಗೋಲು ಹೊಡೆದಾಗ ಸ್ಟೇಡಿಯಂನ ಧ್ವನಿವರ್ಧಕದಲ್ಲಿ ಘೋಷಣೆ ಮಾಡುವವನು ಆಟಗಾರನ ಮೊದಲ ಹೆಸರು ಕೂಗುತ್ತಾನೆ, ಉಳಿದ ಹೆಸರನ್ನು ಜನ ಕೂಗುತ್ತಾರೆ. ಕೊನೆಗೆ ಅವನು "ಡಾಂಕೆ" (ಧನ್ಯವಾದ) ಅಂದಾಗ 80 ಸಾವಿರ ಗಂಟಲು "ಬಿಟ್ಟೆ" (ಪರವಾಗಿಲ್ಲ) ಅನ್ನುತ್ತದೆ. ಅದೇ ಹೊತ್ತಿಗೆ ಮೇಲಿನಿಂದ ಬಿಯರ್ ಮಳೆ.

ನನಗೆ ಜನಜಂಗುಳಿ ಇಷ್ಟ. ಬೆಂಗಳೂರಿನ ಕಂಠೀರವದಲ್ಲಿ ಬಿಎಫ್‌ಸಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗಿ ಗಂಟಲು ಕಟ್ಟಿಕೊಂಡು ಮನೆಗೆ ಹೋದವನು ನಾನು. ಹಾಗಾಗಿ ನನಗೆ ಅದು ಸ್ವರ್ಗ. ನಿಮಗೆ ಸಿಗರೇಟ್ ಹೊಗೆ ಆಗುವುದಿಲ್ಲ, ಬಿಯರ್ ಮೈಮೇಲೆ ಬಿದ್ದರೆ ಆಗುವುದಿಲ್ಲ, ಹತ್ತಿರ ಹತ್ತಿರ ನಾಲ್ಕು ಗಂಟೆ ನಿಲ್ಲಲು ಆಗುವುದಿಲ್ಲ ಅಂದರೆ ಆ ಸ್ಟ್ಯಾಂಡ್ ಬೇಡ. ಅಪ್ಪ ಅಮ್ಮ, ಮಕ್ಕಳ ಜೊತೆ ಬಂದರೆ ಪಕ್ಕದ ಸ್ಟ್ಯಾಂಡಿನಲ್ಲಿ ಸೀಟು ತೆಗೆದುಕೊಳ್ಳಿ, ಅಲ್ಲಿಂದ ದಕ್ಷಿಣ ಸ್ಟ್ಯಾಂಡಿನ ಹಳದಿ ಅಂಗಿಯ ಜನರ ಗೋಡೆ ಇನ್ನೂ ಚೆನ್ನಾಗಿ ಕಾಣುತ್ತದೆ. ಎ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಬಿಯರ್ ಲೋಟಕ್ಕೆ ಠೇವಣಿ ಹಿಡಿಯುತ್ತಾರೆ, ಲೋಟ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಪಂದ್ಯದ ಟಿಕೆಟ್ಟಿನಲ್ಲೇ ಆ ಸೀಮೆಯ ಬಸ್ಸು, ಲೋಕಲ್ ರೈಲಿನ ಪ್ರಯಾಣವೂ ಸೇರಿರುತ್ತದೆ. ಟಿಕೆಟ್ ಮೇಲೆ ಬರೆದಿದೆಯಾ ಅಂತ ಒಂದು ಸಲ ನೋಡಿಕೊಳ್ಳಿ, ಸುಮ್ನೆ ಬೇರೆ ಟಿಕೆಟ್ ಕೊಳ್ಳಬೇಡಿ.

ನಮಗೆ ಅಲ್ಲಿ ಯಾರೂ ಪರಿಚಯ ಇಲ್ಲ, ಸೀಸನ್ ಟಿಕೆಟ್ ಯಾರು ಕೊಡುತ್ತಾರೆ ಅನ್ನುವವರು ಬೋಖುಮ್‌ಗೆ ಹೋಗಿ. ಡಾರ್ಟ್‌ಮುಂಡ್‌ನಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಬೋಖುಮ್ ನಿಲ್ದಾಣದಿಂದ 308 ಅಥವಾ 318 ನಂಬರಿನ ಟ್ರಾಮ್ ಸ್ಟೇಡಿಯಂ ಬಾಗಿಲಿಗೇ ಬಿಡುತ್ತದೆ. 2025ರಲ್ಲಿ ಎರಡನೇ ಡಿವಿಷನ್ನಿಗೆ ಇಳಿದ ಕ್ಲಬ್ ಇದು, 26 ಸಾವಿರ ಜನ ಹಿಡಿಸುವ ಹಳೆಯ ಮೈದಾನ, ನಾಲ್ಕೂ ಕಡೆ ಆಟದ ಹತ್ತಿರ. ಟಿಕೆಟ್ ಕ್ಲಬ್ಬಿನ ಸೈಟಿನಲ್ಲೇ ಸಿಕ್ಕಿತು. ಆಟ ಚೆನ್ನಾಗಿರಲಿಲ್ಲ. ಜನ ಹಾಡುವುದು ನಿಲ್ಲಿಸಲಿಲ್ಲ.

ಟಿಕೆಟ್ಟಿಗೆ ಇಷ್ಟು ಕಡಿಮೆ ಬೆಲೆ ಹೇಗೆ ಅಂತ ತಮ್ಮನನ್ನು ಕೇಳಿದೆ. ಜರ್ಮನಿಯಲ್ಲಿ ಕ್ಲಬ್ಬಿನ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರ ಕೈಯಲ್ಲೇ ಇರಬೇಕು ಅನ್ನುವ ನಿಯಮ ಇದೆ. 50+1 ಅನ್ನುತ್ತಾರೆ, 1998ರಿಂದ ಇದೆ. ಲೆವರ್‌ಕೂಸೆನ್, ವೋಲ್ಫ್ಸ್‌ಬರ್ಗ್ ಥರದ, ಕಾರ್ಖಾನೆಗಳ ಆಸರೆಯಲ್ಲಿ ಬೆಳೆದ ಕ್ಲಬ್ಬುಗಳಿಗೆ ಮಾತ್ರ ವಿನಾಯಿತಿ. ಹೊರಗಿನ ದುಡ್ಡಿನವನು ಬಂದು ರಾತ್ರೋರಾತ್ರಿ ಬೆಲೆ ಏರಿಸಲು ಆಗುವುದಿಲ್ಲ. 2024ರ ಆರಂಭದಲ್ಲಿ ಲೀಗ್ ನಡೆಸುವವರು ಹೂಡಿಕೆದಾರರನ್ನು ತರಲು ಹೊರಟಾಗ ಜನ ವಾರಗಟ್ಟಲೆ ಮೈದಾನಕ್ಕೆ ಟೆನಿಸ್ ಚೆಂಡು ಎಸೆದು ಆಟ ನಿಲ್ಲಿಸಿದರು. ಫೆಬ್ರವರಿಯಲ್ಲಿ ಲೀಗ್ ಆ ಯೋಜನೆಯನ್ನೇ ಕೈಬಿಟ್ಟಿತು. ಆ ಸ್ಟ್ಯಾಂಡಿನಲ್ಲಿ ನಿಂತವರಿಗೆ ಕ್ಲಬ್ ತಮ್ಮದು ಅನ್ನಿಸುವುದು ಬರೀ ಮಾತಿಗಲ್ಲ.

ಡಾರ್ಟ್‌ಮುಂಡ್‌ನಿಂದ ಲಂಡನ್ನಿಗೆ ರಾತ್ರಿ ಬಸ್ಸಿನಲ್ಲಿ ಹೋಗಬೇಡಿ. ವಿಮಾನಕ್ಕಿಂತ 40 ಯೂರೋ ಉಳಿಯುತ್ತದೆ ಅಂತ ಹೋದೆ. ಬಸ್ಸು ಬಂದಿದ್ದೇ ಎರಡು ಗಂಟೆ ತಡ. ಒಳಗೆ ಶೌಚಾಲಯಕ್ಕೆ ಬೀಗ. ಬ್ರಿಟನ್ನಿನ ವೀಸಾ ತಪಾಸಣೆ ಫ್ರಾನ್ಸ್ ಕಡೆ, ಕ್ಯಾಲೆಯಲ್ಲೇ ನಡೆಯುತ್ತದೆ. ರಾತ್ರಿ ಮೂರು ಗಂಟೆಗೆ ಎಲ್ಲರನ್ನೂ ಎಬ್ಬಿಸಿ ಲಗೇಜ್ ಸಮೇತ ಇಳಿಸಿದರು. ಮೊದಲು ಫ್ರೆಂಚ್ ಸಾಲು, ಆಮೇಲೆ ಬ್ರಿಟಿಷ್ ಸಾಲು. ನಮ್ಮ ಪಾಸ್‌ಪೋರ್ಟಿನವರಿಗೆ ಪ್ರಶ್ನೆ ಜಾಸ್ತಿ: ಎಲ್ಲಿ ಉಳಿಯುತ್ತೀರಿ, ವಾಪಸ್ ಟಿಕೆಟ್ ಎಲ್ಲಿ, ಎಷ್ಟು ದುಡ್ಡು ಇದೆ. ಎಲ್ಲವೂ ಫೋನಿನಲ್ಲಿದೆ ಅಂದರೆ, ಅದರಲ್ಲಿ ಚಾರ್ಜ್ ಮುಗಿದಿತ್ತು, ಬಸ್ಸಿನ ಪ್ಲಗ್ ಕೆಲಸ ಮಾಡಿರಲಿಲ್ಲ. ನನ್ನ ಹಿಂದೆ ಇದ್ದ ನೈಜೀರಿಯಾದ ಹೆಂಗಸು ತಮ್ಮ ಪವರ್ ಬ್ಯಾಂಕ್ ಕೊಟ್ಟರು, ಅವರು ಇಲ್ಲದಿದ್ದರೆ ಬಸ್ಸು ನನ್ನನ್ನು ಬಿಟ್ಟು ಹೋಗುತ್ತಿತ್ತು. ಲಂಡನ್ ಮುಟ್ಟಿದ್ದು ಐದು ಗಂಟೆ ತಡವಾಗಿ. ಬಸ್ಸೇ ಗತಿ ಅಂದರೆ ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಕಾಗದದಲ್ಲಿ ಇಟ್ಟುಕೊಳ್ಳಿ.

ಈಗ ಮಂಗಳವಾರ. ಪ್ಲೌ ಲೇನ್ ಅಂದರೆ ಎಎಫ್‌ಸಿ ವಿಂಬಲ್ಡನ್ ಎಂಬ ಲಂಡನ್ನಿನ ಫುಟ್‌ಬಾಲ್ ಕ್ಲಬ್ಬಿನ ಮೈದಾನ. ಹಳೆಯ ವಿಂಬಲ್ಡನ್ ಕ್ಲಬ್ಬನ್ನು ಅದರ ಮಾಲೀಕರಿಗೆ ಮಿಲ್ಟನ್ ಕೀನ್ಸ್ ಎಂಬ ಬೇರೆ ಊರಿಗೆ ಸಾಗಿಸಲು 2002ರಲ್ಲಿ ಅನುಮತಿ ಸಿಕ್ಕಿತು. ಆಗ ಅಭಿಮಾನಿಗಳೇ ಸೇರಿ ಹೊಸ ಕ್ಲಬ್ ಕಟ್ಟಿದರು. ಬಯಲಿನಲ್ಲಿ ಆಯ್ಕೆ ನಡೆಸಿ ಆಟಗಾರರನ್ನು ಆರಿಸಿದರು, ಒಂಬತ್ತನೇ ಹಂತದ ಲೀಗಿನಿಂದ ಶುರು ಮಾಡಿ 2011ರಲ್ಲಿ ವೃತ್ತಿಪರ ಲೀಗಿಗೆ ಏರಿದರು, 2020ರಲ್ಲಿ ತಮ್ಮ ಹಳೆಯ ಬೀದಿಗೇ ವಾಪಸ್ ಬಂದರು. ಇಂದಿಗೂ ಕ್ಲಬ್ಬಿನ ಹಿಡಿತ ಅಭಿಮಾನಿಗಳ ಕೈಯಲ್ಲೇ. ಡಾರ್ಟ್‌ಮುಂಡ್‌ನಲ್ಲಿ ಕೇಳಿದ ಕಥೆಯ ಇಂಗ್ಲಿಷ್ ರೂಪ ಇಲ್ಲಿ ಸಿಕ್ಕಿತು ನನಗೆ. ಟಿಕೆಟ್ 25 ಪೌಂಡ್ ಆಸುಪಾಸು, ಕ್ಲಬ್ಬಿನ ಸೈಟಿನಿಂದಲೇ, ಎರಡು ನಿಮಿಷದ ಕೆಲಸ.

ಇಲ್ಲಿ ಮೈಕ್ ಹಿಡಿದವರಿಲ್ಲ. ಒಬ್ಬ ಶುರು ಮಾಡಿದರೆ ಉಳಿದವರು ಸೇರುತ್ತಾರೆ, ಎರಡು ಸಾಲು ಹಾಡಿ ಬಿಡುತ್ತಾರೆ. ಎಲ್ಲರ ಕಣ್ಣು ಚೆಂಡಿನ ಮೇಲೆ. ಕಾರ್ನರ್ ಸಿಕ್ಕಿದರೆ ಇಡೀ ಸ್ಟ್ಯಾಂಡ್ ಎದ್ದು ನಿಲ್ಲುತ್ತದೆ, ಚೆಂಡು ಗಾಳಿಯಲ್ಲಿ ಇರುವಾಗ ಸಾವಿರಾರು ಜನ ಉಸಿರು ಹಿಡಿಯುವುದು ಕೇಳಿಸುತ್ತದೆ. ಒಬ್ಬ ಡಿಫೆಂಡರ್ ಜಾರಿ ಹೋಗಿ ಚೆಂಡು ಕಿತ್ತುಕೊಂಡರೆ ಗೋಲು ಹೊಡೆದಷ್ಟೇ ಚಪ್ಪಾಳೆ. ನನ್ನ ಹಿಂದೆ ಕೂತಿದ್ದ ಎಪ್ಪತ್ತು ದಾಟಿದ ಅಜ್ಜಿ ಲೈನ್ಸ್‌ಮನ್‌ಗೆ ಪ್ರತಿ ಆಫ್‌ಸೈಡಿಗೂ ಪಾಠ ಹೇಳುತ್ತಿದ್ದರು, ಅವರು ಹೇಳಿದ್ದು ಹೆಚ್ಚಿನ ಸಲ ಸರಿ ಇತ್ತು. ಶನಿವಾರ ಗೋಡೆ ಹೊರಗೆ ನಿಂತು ಮೌನ ಅಂದುಕೊಂಡಿದ್ದು ಪೂರ್ತಿ ಮೌನ ಅಲ್ಲ ಅಂತ ಆಗ ಗೊತ್ತಾಯಿತು. ಅದರಲ್ಲಿ ಒಂದು ಪಾಲು ಜನ ಆಟ ನೋಡುವ ಸದ್ದು. ಜರ್ಮನಿಯಲ್ಲಿ ಹಾಡು ಆಟವನ್ನು ಹೊತ್ತುಕೊಂಡು ಹೋಗುತ್ತದೆ, ಇಂಗ್ಲೆಂಡಿನಲ್ಲಿ ಆಟ ಹೋದ ಕಡೆ ಸದ್ದು ಹೋಗುತ್ತದೆ. ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ನಾನು ಕಣ್ಣು ಮುಚ್ಚಿ ಜರ್ಮನಿ ಅನ್ನುತ್ತೇನೆ. ಆಟದ ಸೂಕ್ಷ್ಮ ಬಲ್ಲವರು, ಗದ್ದಲ ಬೇಡದವರು ಇಂಗ್ಲೆಂಡಿನ ಕೆಳಗಿನ ಲೀಗಿಗೆ ಹೋಗಬೇಕು.

ಇಂಗ್ಲೆಂಡಿನ ದೊಡ್ಡ ಮೈದಾನಗಳಲ್ಲಿ ಹೆಚ್ಚಿನವರು ಕೂತೇ ನೋಡುವುದಕ್ಕೆ ಕಾರಣವನ್ನು ಗೌರವದಿಂದ ತಿಳಿಯಬೇಕು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನಿಲ್ಲುವ ಜಾಗದಲ್ಲಿ ನೂಕುನುಗ್ಗಲಾಗಿ ಲಿವರ್‌ಪೂಲಿನ 97 ಅಭಿಮಾನಿಗಳು ಸತ್ತರು. ಅದಾದ ಮೇಲೆ ಮೇಲಿನ ಎರಡು ಡಿವಿಷನ್‌ಗಳಲ್ಲಿ ನಿಲ್ಲುವ ಸ್ಟ್ಯಾಂಡ್‌ಗಳನ್ನು ತೆಗೆದರು. 2022ರಿಂದ ಕಂಬಿ ಇರುವ ಸುರಕ್ಷಿತ ಜಾಗಗಳಲ್ಲಿ ಮತ್ತೆ ನಿಲ್ಲಲು ಬಿಡುತ್ತಿದ್ದಾರೆ. ಬಿಯರ್ ಕೂಡ ಮೈದಾನ ಕಾಣುವ ಜಾಗದಲ್ಲಿ ಕುಡಿಯುವ ಹಾಗಿಲ್ಲ, 1985ರ ಕಾನೂನು. ಒಳಗಿನ ಕಾರಿಡಾರಿನಲ್ಲೇ ಮುಗಿಸಿ ಬರಬೇಕು.

ಕೊನೆಯದಾಗಿ ಊಟ, ಇದನ್ನು ತಪ್ಪಿಸಲೇಬೇಡಿ. ಪ್ಲೌ ಲೇನ್‌ಗೆ ಟೂಟಿಂಗ್ ಬ್ರಾಡ್‌ವೇ ಟ್ಯೂಬ್ ನಿಲ್ದಾಣದಲ್ಲಿ ಇಳಿದು ನಡೆದು ಹೋಗಬಹುದು. ಟೂಟಿಂಗ್ ತುಂಬಾ ದಕ್ಷಿಣ ಭಾರತ ಮತ್ತು ಶ್ರೀಲಂಕಾ ತಮಿಳರ ಹೋಟೆಲುಗಳು. ಎಲ್ಲರೂ ದೋಸೆ ತಿನ್ನುತ್ತಾರೆ, ನೀವು ಇಡಿಯಪ್ಪಂ ಕೇಳಿ. ನಮ್ಮ ಒತ್ತು ಶಾವಿಗೆಯೇ ಅದು. ನಾನು ಹೋದದ್ದು ಆರು ಮೇಜಿನ ಸಣ್ಣ ಹೋಟೆಲ್ಲು. ಅಂಗೈಯಗಲದ ಹತ್ತು ಶಾವಿಗೆ ಚಕ್ಕೆ, ಬಿಸಿ ಹಬೆ ಆಡುತ್ತಿತ್ತು, ಜೊತೆಗೆ ಸೊದಿ ಅಂತ ಅರಿಶಿನ, ಹಸಿಮೆಣಸು ಹಾಕಿದ ತೆಳು ಕಾಯಿಹಾಲಿನ ಸಾರು, ಸಂಬಲ್ ಅನ್ನುವ ಕೆಂಪು ತೆಂಗಿನಕಾಯಿ ಚಟ್ನಿ. ಜರ್ಮನಿಯಲ್ಲಿ ಫ್ರೆಂಚ್ ಫ್ರೈಸ್ ತಿಂದು ತಿಂದು ಬಾಯಿ ಕೆಟ್ಟಿತ್ತು. ಮೊದಲ ತುತ್ತಿಗೇ ಅಜ್ಜಿ ಮನೆಯ ಶಾವಿಗೆ ಒರಳು ಕಣ್ಣ ಮುಂದೆ ಬಂತು. ಸೊದಿ ಮುಗಿದಾಗ ಅಡುಗೆಮನೆಯಿಂದ ಆ ಅಕ್ಕ ತಾವೇ ಬಂದು ಇನ್ನೊಂದು ಸೌಟು ಹಾಕಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಟೀ ಸೇರಿ 8 ಪೌಂಡ್. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ, ಸಂಬಲ್‌ಗೆ ಕೆಲವು ಕಡೆ ಒಣಮೀನಿನ ಪುಡಿ ಹಾಕುತ್ತಾರೆ. ಆಟ ಏಳೂ ಮುಕ್ಕಾಲಿಗೆ ಇದ್ದರೆ ಐದೂವರೆಗೆ ಅಲ್ಲಿ ಕೂತುಬಿಡಿ, ಆರೂವರೆ ಮೇಲೆ ಮೇಜು ಸಿಗುವುದಿಲ್ಲ.