ಕಸ್ಟರ್ಡ್ ಸ್ಲೈಸ್: ನಾಲ್ಕನೆಯ ತಟ್ಟೆಯವರೆಗೆ

ಎರಡು ಹಾಳೆ ಪಫ್ ಪೇಸ್ಟ್ರಿಯ ನಡುವೆ ಮೂರು ಬೆರಳು ದಪ್ಪಕ್ಕೆ ವೆನಿಲಾ ಕಸ್ಟರ್ಡ್ ತುಂಬಿ, ಮೇಲೆ ಐಸಿಂಗ್ ಸಕ್ಕರೆ ಉದುರಿಸಿದ ಸ್ಲೈಸನ್ನು ಮನೆಯಲ್ಲಿಯೇ ಮಾಡಬೇಕೆಂದು ಹೊರಟು ಇದು ಐದನೆಯ ವಾರ. ಮೊದಲ ಮೂರು ತಟ್ಟೆಗಳ ರುಚಿಯನ್ನು ಯಾರೂ ದೂರಲಿಲ್ಲವಾದರೂ ಅವನ್ನು ಬಟ್ಟಲಿಗೆ ಹಾಕಿಕೊಂಡು ಚಮಚದಲ್ಲಿಯೇ ತಿನ್ನಬೇಕಾಯಿತು. ಚಾಕು ಇಟ್ಟ ಮೇಲೂ ಚೌಕವಾಗಿ ನಿಂತದ್ದು ಕಳೆದ ಭಾನುವಾರದ ನಾಲ್ಕನೆಯ ತಟ್ಟೆ ಮಾತ್ರ.

ಪೇಸ್ಟ್ರಿಯ ಕಥೆ ಚಿಕ್ಕದು. ಮೈದಾ ಕಣಕದೊಳಗೆ ಬೆಣ್ಣೆಯ ಬಿಲ್ಲೆಯನ್ನಿಟ್ಟು, ಲಟ್ಟಿಸಿ ಮೂರು ಪಟ್ಟು ಮಡಚುವುದನ್ನು ಆರು ಸಲ ಮಾಡಿದರೆ ಲೆಕ್ಕಕ್ಕೆ 729 ಬೆಣ್ಣೆಯ ಪದರಗಳಾಗುತ್ತವೆ. ಮೊದಲ ಸಲ ಬೆಣ್ಣೆ ಕರಗಿ ಕಣಕದಲ್ಲಿ ಕಲೆತುಹೋದದ್ದರಿಂದ ಪದರಗಳ ಬದಲು ದಪ್ಪ ಬಿಸ್ಕತ್ತು ಬಂದಿತು. ಬೆರಳಿನಿಂದ ಒತ್ತಿದರೆ ಗುರುತು ಮೂಡಬೇಕು, ಬಗ್ಗಿಸಿದರೆ ತುಂಡಾಗಬಾರದು. ಅದು ಬೆಣ್ಣೆಯ ಹದ. ಅದನ್ನು ಕಾಯಲು ಈಗ ಎರಡು ಮಡಿಕೆಗೊಮ್ಮೆ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡುತ್ತೇನೆ. ಇಷ್ಟು ಶ್ರಮಪಟ್ಟು ಉಬ್ಬಲು ಅಣಿಗೊಳಿಸಿದ ಪೇಸ್ಟ್ರಿಯನ್ನು ಕೊನೆಗೆ ಉಬ್ಬದಂತೆ ತಡೆಯಬೇಕೆಂಬುದು ಈ ತಿನಿಸಿನ ತಮಾಷೆ. ಫೋರ್ಕಿನಿಂದ ಉದ್ದಕ್ಕೂ ಚುಚ್ಚಿ, ಬೇಕಿಂಗ್ ಪೇಪರ್ ಹೊದಿಸಿ, ಇನ್ನೊಂದು ಟ್ರೇ ಹೇರಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸಿದ ಮೇಲೆ, ಟ್ರೇ ತೆಗೆದು ಕಂದು ಬಣ್ಣ ಬರುವವರೆಗೆ ಬಿಡುತ್ತೇನೆ. ತಿಳಿ ಬಣ್ಣಕ್ಕೇ ಹೊರತೆಗೆದ ಹಾಳೆ ಕಸ್ಟರ್ಡ್‌ನ ಕೆಳಗೆ ಕೂತು ಮರುದಿನ ಚರ್ಮದಂತಾಗುತ್ತದೆ.

ನನ್ನನ್ನು ನಿಜವಾಗಿ ಕಾಡಿದ್ದು ಕಸ್ಟರ್ಡ್. ಎರಡನೆಯ ತಟ್ಟೆಗೆ 750 ಮಿಲಿಲೀಟರ್ ಹಾಲು, 5 ಮೊಟ್ಟೆಗಳ ಹಳದಿ, 120 ಗ್ರಾಂ ಸಕ್ಕರೆ, 60 ಗ್ರಾಂ ಕಾರ್ನ್‌ಫ್ಲೋರ್ ಬಳಸಿದ್ದೆ. ರಾತ್ರಿ ಫ್ರಿಜ್‌ಗೆ ಇಡುವಾಗ ತಟ್ಟೆಯನ್ನು ಓರೆ ಮಾಡಿದರೂ ಅಲುಗದಷ್ಟು ಗಟ್ಟಿಯಿದ್ದದ್ದು, ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ನೀರೊಡೆದು ಪಾಯಸದ ಹದಕ್ಕೆ ಇಳಿದಿತ್ತು. ಹಿಟ್ಟು ಸಾಲಲಿಲ್ಲವೆಂದುಕೊಂಡು ಮೂರನೆಯ ಸಲ 80 ಗ್ರಾಂ ಹಾಕಿದೆ. ಆಗಲೂ ಬೆಳಗಾಗುವಷ್ಟರಲ್ಲಿ ಸಡಿಲವಾಯಿತು. ತಪ್ಪು ಹಿಟ್ಟಿನ ತೂಕದಲ್ಲಿರಲಿಲ್ಲ, ನನ್ನ ಅಂಜಿಕೆಯಲ್ಲಿತ್ತು. ಮೊಟ್ಟೆ ಒಡೆದೀತೆಂಬ ಭಯದಿಂದ ಮಿಶ್ರಣ ದಪ್ಪವಾಗುತ್ತಲೇ ಒಲೆ ಆರಿಸುತ್ತಿದ್ದೆ. ಮೊಟ್ಟೆಯ ಹಳದಿಯಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಚೆನ್ನಾಗಿ ಕುದಿಸಿ ಅದನ್ನು ನಿಷ್ಕ್ರಿಯಗೊಳಿಸದಿದ್ದರೆ, ತಣ್ಣಗಾದ ಮೇಲೂ ಅದು ಪಿಷ್ಟವನ್ನು ಒಡೆಯುತ್ತಲೇ ಇರುತ್ತದೆ. ಪಿಷ್ಟ ಬೆರೆತಿರುವಾಗ ಹಳದಿ ಸುಲಭವಾಗಿ ಒಡೆಯುವುದಿಲ್ಲವಾದ್ದರಿಂದ ಕುದಿಸಲು ಹೆದರಬೇಕಾಗಿಯೂ ಇರಲಿಲ್ಲ.

ಕಸ್ಟರ್ಡ್ ಪುಡಿಯಲ್ಲಿ ಮಾಡಿದವರಿಗೆ ಈ ಪೇಚು ಏಕಿಲ್ಲವೆಂಬುದೂ ಆಗ ಹೊಳೆಯಿತು. 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಆ ಪುಡಿಯನ್ನು ರೂಪಿಸಿದ್ದೇ ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ. ಮೊಟ್ಟೆಯೇ ಇಲ್ಲದ ಮೇಲೆ ಕಿಣ್ವದ ಕಾಟ ಎಲ್ಲಿಂದ ಬರಬೇಕು? ಆದರೂ ಹಳದಿಯ ಆ ಸ್ನಿಗ್ಧತೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ನಾಲ್ಕನೆಯ ಸಲ ಅಳತೆ ಮೂರನೆಯದೇ. ದಪ್ಪ ತಳದ ಪಾತ್ರೆಯ ನಡುವಿನಿಂದ ಗುಳ್ಳೆಗಳು ಬುಳುಕ್ ಬುಳುಕ್ ಎಂದು ಏಳಲು ತೊಡಗಿದಾಗ ಗಡಿಯಾರ ನೋಡಿ, ತಳ ಹಿಡಿಯದಂತೆ ಕೈಬಿಡದೆ ತಿರುವುತ್ತ, ಪೂರ್ತಿ ಎರಡು ನಿಮಿಷ ಕುದಿಸಿದೆ. ಕೆಳಗಿಳಿಸಿ 40 ಗ್ರಾಂ ಬೆಣ್ಣೆ ಹಾಗೂ ವೆನಿಲಾ ಬೆರೆಸಿ, ಬಿಸಿಯಿರುವಾಗಲೇ ತಟ್ಟೆಯಲ್ಲಿದ್ದ ಹಾಳೆಯ ಮೇಲೆ ಸುರಿದೆ. ಮೇಲಿನ ಹಾಳೆಯನ್ನು ಮೊದಲೇ ಒಂಬತ್ತು ಚೌಕಗಳಾಗಿ ಕತ್ತರಿಸಿ ಜೋಡಿಸಿದ್ದರಿಂದ, ಮರುದಿನ ಗರಗಸದ ಹಲ್ಲಿನ ಚಾಕು ಆ ಗೆರೆಗಳಲ್ಲೇ ಇಳಿಯಿತು. ಕಸ್ಟರ್ಡ್ ಪಕ್ಕಕ್ಕೆ ಚಿಮ್ಮಲಿಲ್ಲ. ಮೂಲೆಯ ತುಂಡನ್ನು ಎತ್ತಿ ನೋಡಿದೆ. ಬದಿಯಲ್ಲಿ ಚಾಕುವಿನ ಹಲ್ಲಿನ ಗೀರುಗಳು ಅಚ್ಚೊತ್ತಿದಂತೆ ಉಳಿದಿದ್ದವು.

ತಳದ ಹಾಳೆ ಮಾತ್ರ ಸಂಜೆಯ ಹೊತ್ತಿಗೆ ಗರಿಗರಿ ಕಳೆದುಕೊಂಡಿತು. ಮುಂದಿನ ವಾರ ಅದಕ್ಕೆ ಕರಗಿಸಿದ ಬಿಳಿ ಚಾಕೊಲೇಟನ್ನು ತೆಳುವಾಗಿ ಸವರಿ, ಅದು ಗಟ್ಟಿಯಾದ ಮೇಲೆ ಕಸ್ಟರ್ಡನ್ನು ಉಗುರುಬೆಚ್ಚಗಾಗಿಸಿ ಸುರಿಯಬೇಕೆಂದಿದ್ದೇನೆ.