ಗೋಡೆಗೆ ಚೆರ್ರಿ ಓಕುಳಿ

ಜುಲೈ 20, 2025, ಭಾನುವಾರ
ಆನ್ ಆರ್ಬರ್, ಮಿಷಿಗನ್

ಬೆಳಗ್ಗೆ ಐದೂವರೆಗೆ ಬೇಸ್‌ಮೆಂಟಿನಲ್ಲಿ ಢಬ್ ಅಂತ ಸದ್ದು. ಇಳಿದು ನೋಡಿದರೆ, ಬಿಯರು ಹುದುಗಲು ಇಟ್ಟಿದ್ದ ಬಕೆಟ್ಟಿನ ಮುಚ್ಚಳದಿಂದ ಗಾಳಿ ಹೊರಬಿಡುವ ಏರ್‌ಲಾಕ್ ಮೂಲೆಯಲ್ಲಿ ಬಿದ್ದಿದೆ, ಗೋಡೆ ಎದೆಮಟ್ಟದವರೆಗೆ ಕೆಂಪು. "ಏನ್ರೀ, ಓಕುಳಿ ಆಡಿದ್ರಾ?" ಅಂದಳು ಹೆಂಡತಿ, ಮೆಟ್ಟಿಲ ಮೇಲಿಂದಲೇ. ಚೆರ್ರಿ ಸಿಪ್ಪೆಯೊಂದು ತೂತಿಗೆ ಅಡ್ಡ ಕೂತು, ಗಾಳಿಗೆ ದಾರಿಯಿಲ್ಲದೆ ಎಲ್ಲ ಹಾರಿಹೋಗಿತ್ತು.

ತಪ್ಪು ನನ್ನದೇ. ಹುದುಗು ಇಳಿದಿದ್ದ ಗೋಧಿ ಬಿಯರಿಗೆ ನಿನ್ನೆ ಹಣ್ಣು ಸುರಿದಿದ್ದೆ. ಹೊಸ ಸಕ್ಕರೆ ಕಂಡ ಯೀಸ್ಟು ಮತ್ತೆ ಎದ್ದಿದೆ. 19 ಲೀಟರ್ ಬಿಯರಿಗೆ 4 ಕಿಲೋ ಹಣ್ಣು, ಮೇಲೆ ನಾಲ್ಕು ಬೆರಳು ಜಾಗ. ಬೇಸಿಗೆಯಲ್ಲಿ ದೋಸೆ ಹಿಟ್ಟನ್ನು ಸಣ್ಣ ಪಾತ್ರೆಯಲ್ಲಿಟ್ಟು ಉಕ್ಕಿಸಿಕೊಂಡವನಿಗೆ ಇಷ್ಟು ಗೊತ್ತಿರಬೇಡವೇ? ದಪ್ಪ ಕೊಳವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಚೊಂಬಿನಲ್ಲಿ ಮುಳುಗಿಸಿದೆ.

ಹೋದ ವರ್ಷ ಮಾವು ಹಾಕಿದ್ದೆ. ಇಂಡಿಯನ್ ಅಂಗಡಿಯ ಆಪೂಸ್ ತಿರುಳು, ಎರಡು ಡಬ್ಬಿ. ಸೀಕರಣೆಯಂಥ ಬಿಯರು ಬರುತ್ತದೆ ಅಂದುಕೊಂಡಿದ್ದೆ. ನಾವು ಮಾವಿನ ರುಚಿ ಅನ್ನುವುದರಲ್ಲಿ ಮುಕ್ಕಾಲು ಪಾಲು ಬರೀ ಸಿಹಿ ಅಂತ ಆಗಲೇ ತಿಳಿದದ್ದು. ಅದನ್ನೆಲ್ಲ, ಡಬ್ಬಿಯವರು ಸೇರಿಸಿದ ಸಕ್ಕರೆಯನ್ನೂ ಬಿಡದೆ, ಯೀಸ್ಟು ತಿಂದುಹಾಕಿತು. ಸಾಲದ್ದಕ್ಕೆ ಮೊದಲ ದಿನವೇ ಹಾಕಿದ್ದರಿಂದ ಉಕ್ಕುವ ಗಾಳಿಯ ಜೊತೆ ಪರಿಮಳವೂ ಹೋಯಿತು. ಉಳಿದದ್ದು ಚೀಪಿ ಬಿಸಾಕಿದ ವಾಟೆಯ ನಾರಿನ ವಾಸನೆ.

ಅದಕ್ಕೇ ಈ ಸಲ ಮಾಂಟ್‌ಮೊರೆನ್ಸಿ, ಅಂದರೆ ಇದೇ ಮಿಷಿಗನ್ನಿನ ಟ್ರಾವರ್ಸ್ ಸಿಟಿ ಕಡೆಯ ಒಂದು ಜಾತಿಯ ಹುಳಿ ಚೆರ್ರಿ. ಬಾಯಿಗೆ ಹಾಕಿಕೊಂಡರೆ ಒಂದು ಕಣ್ಣು ತಾನಾಗಿ ಮುಚ್ಚುತ್ತದೆ. ಸಿಹಿ ಹೋದರೂ ಹುಳಿ ಎಲ್ಲಿಗೂ ಹೋಗುವುದಿಲ್ಲ. ಬೆಲ್ಜಿಯಂನವರ ಕ್ರೀಕ್ ಬಿಯರಿಗೂ ಹುಳಿ ಚೆರ್ರಿಯೇ ಆಧಾರ. ಎರಡು ದಿನ ಫ್ರೀಜರಿನಲ್ಲಿಟ್ಟೆ. ಒಳಗಿನ ನೀರು ಹರಳುಗಟ್ಟಿ ಹಣ್ಣನ್ನು ಒಳಗಿಂದಲೇ ಹರಿಯುವುದರಿಂದ, ಕರಗಿದಾಗ ಹಿಂಡದೆಯೇ ರಸ ಇಳಿಯುತ್ತದೆ. ಆಮೇಲೆ ಕ್ರಿಮಿ ಸಾಯಲೆಂದು 70 ಡಿಗ್ರಿಯಲ್ಲಿ ಹದಿನೈದು ನಿಮಿಷ ಕಾಯಿಸಿದೆ. ಕುದಿಸಿದರೆ ಹಣ್ಣಿನ ಅಂಟು, ಪೆಕ್ಟಿನ್, ಬಿಟ್ಟುಕೊಂಡು ಬಿಯರು ಮಬ್ಬಾಗುತ್ತದೆ, ಜಾಮಿನ ವಾಸನೆ ಬೇರೆ.

ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್.

"ಏನೋ ಅದು ಗುಳುಗುಳು?"

"ಉಪ್ಪಿನಕಾಯಿ ಥರದ್ದು ಅಮ್ಮ."

"ಉಪ್ಪಿನಕಾಯಿ ಸದ್ದು ಮಾಡಲ್ಲ ಕಣೋ" ಅಂದರು. ಮುಂದೆ ಕೇಳಲಿಲ್ಲ.

ಬಾಟಲಿಗೆ ತುಂಬಲು ಇನ್ನೂ ಎರಡು ವಾರವಾದರೂ ಬೇಕು. ಸಕ್ಕರೆ ಎಷ್ಟು ಉಳಿದಿದೆ ಅಂತ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸುವವರೆಗೆ ಮುಟ್ಟಬಾರದು. ಸಕ್ಕರೆ ಉಳಿದಿದ್ದರೆ ಮುಂದಿನ ಢಬ್ ಗಾಜಿನದು.

ಗೋಡೆ ಒರೆಸುವಾಗ ಬೆರಳಿಗೆ ಅಂಟಿದ್ದನ್ನು ನೆಕ್ಕಿ ನೋಡಿದೆ. ಹುಳಿ ಚೆನ್ನಾಗಿ ಹಿಡಿದಿದೆ.