ಈ ಹೊತ್ತಿನ ಅಕ್ಕಿ

ಜನವರಿ 1ಕ್ಕೆ ಒಂದು ನಿರ್ಧಾರ ಮಾಡಿದ್ದೆ. ಈ ವರ್ಷ ಸತ್ಯವೇದವನ್ನು, ಅಂದರೆ ಬೈಬಲನ್ನು, ಪೂರ್ತಿ ಓದಿ ಮುಗಿಸಬೇಕು. ಒಟ್ಟು 1,189 ಅಧ್ಯಾಯ, ದಿನಕ್ಕೆ ಮೂರೋ ನಾಲ್ಕೋ ಓದಿದರೆ ಡಿಸೆಂಬರ್ ಹೊತ್ತಿಗೆ ಮುಗಿಯುತ್ತದೆ ಅಂತ ಲೆಕ್ಕ ಹಾಕಿ ಎಕ್ಸೆಲ್ ಶೀಟ್ ಕೂಡ ಮಾಡಿಟ್ಟೆ. (ಹತ್ತು ವರ್ಷ ಅಕೌಂಟ್ಸ್‌ನಲ್ಲಿ ಕೂತವಳ ಚಾಳಿ.) ಆದಿಕಾಂಡ ಸರಸರ ಮುಗಿಯಿತು. ವಿಮೋಚನಕಾಂಡ 16ಕ್ಕೆ ಬರುವಷ್ಟರಲ್ಲಿ ನನ್ನ ಕೆಲಸ ಹೋಯಿತು.

ಆಮೇಲೆ ಎರಡು ತಿಂಗಳು ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಬ್ಯಾಂಕ್ ಬ್ಯಾಲೆನ್ಸ್ ನೋಡುವುದೇ ಮೊದಲ ಕೆಲಸ. ರಾತ್ರಿ ಎಷ್ಟಿತ್ತೋ ಅಷ್ಟೇ ಇರುತ್ತದೆ, ಆದರೂ ನೋಡೋದು. ನಂತರ ಕೆಲಸ ಹುಡುಕುವ ಆ್ಯಪ್, ನಂತರ ಮೇಲ್. ಸತ್ಯವೇದ ಕೈಗೆತ್ತಿಕೊಳ್ಳುವ ಹೊತ್ತಿಗೆ ತಲೆಯಲ್ಲಿ ಜಾಗವೇ ಇರುತ್ತಿರಲಿಲ್ಲ. ಭಾನುವಾರ ಸಭೆಯಲ್ಲಿ ಮಾತ್ರ ಯಾರು ಕೇಳಿದರೂ "ಕರ್ತನು ನೋಡ್ಕೋತಾನೆ" ಅನ್ನುತ್ತಿದ್ದೆ. ಸುಳ್ಳು ಹೇಳುತ್ತಿರಲಿಲ್ಲ, ಆದರೆ ಪೂರ್ತಿ ನಿಜವೂ ಆಗಿರಲಿಲ್ಲ.

ಒಂದು ದಿನ ಹುಬ್ಬಳ್ಳಿಯಿಂದ ಅಮ್ಮ ಫೋನ್ ಮಾಡಿದಾಗ ಅತ್ತೇಬಿಟ್ಟೆ. ಮುಂದಿನ ತಿಂಗಳ ಬಾಡಿಗೆ, ಜೂನ್‌ನಲ್ಲಿ ಮಗನ ಫೀಸು, ಎಲ್ಲಾ ಒಂದೇ ಉಸಿರಿನಲ್ಲಿ ಹೇಳಿದೆ. ಅಮ್ಮ ಸುಮ್ನೆ ಕೇಳಿಸಿಕೊಂಡು, "ನಿನ್ನೆ ಉಂಡ್ಯೋ ಇಲ್ಲೋ?" ಅಂದಳು. ಉಂಡೆ. "ಇವತ್ತ?" ಉಂಡೆ. "ಮತ್ತ ಜೂನ್ ತಿಂಗಳದ ಊಟಕ್ಕ ಈಗ್ಯಾಕ ಅಳ್ತಿ ಯವ್ವಾ?"

ಸಿಟ್ಟು ಬಂತು. ಬಾಡಿಗೆ ಕೇಳೋರು ಹಾಗನ್ನೋದಿಲ್ಲ ಅಲ್ವಾ?

ಆದರೆ ಫೋನ್ ಇಟ್ಟ ಮೇಲೆ ನಮ್ಮ ಹಳೇ ಅಡುಗೆಮನೆ ನೆನಪಾಯಿತು. ಒಲೆಯ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ ಇರುತ್ತಿತ್ತು, ಮುಚ್ಚಳಕ್ಕೆ ತುಕ್ಕು ಹಿಡಿದಿತ್ತು. ಅನ್ನಕ್ಕಿಡುವ ಮೊದಲು ಅಮ್ಮ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಅದಕ್ಕೆ ಹಾಕುತ್ತಿದ್ದಳು, ತಿಂಗಳ ಕೊನೆಗೆ ಅದು ದೇವರ ಕಾಣಿಕೆ. ಮಿಜೋರಾಂನ ಕ್ರೈಸ್ತ ಹೆಂಗಸರೂ ಹೀಗೇ ಹಿಡಿ ಅಕ್ಕಿ ತೆಗೆದಿಡುತ್ತಾರೆ ಅಂತ ಆಮೇಲೆ ಎಲ್ಲೋ ಓದಿದೆ. ಅಪ್ಪನಿಗೆ ಪಗಾರ ಬಾರದ ತಿಂಗಳಲ್ಲೂ ಆ ಕೈ ಡಬ್ಬಿಗೆ ಹೋಗುತ್ತಿತ್ತು. ಹಿಡಿ ಸ್ವಲ್ಪ ಚಿಕ್ಕದಾಗಿರುತ್ತಿತ್ತು, ಅಷ್ಟೇ.

ಅವತ್ತು ರಾತ್ರಿ ಬಿಟ್ಟ ಕಡೆಯಿಂದಲೇ ಓದಿದೆ. ವಿಮೋಚನಕಾಂಡ 16 ಮನ್ನದ ಅಧ್ಯಾಯ. ಈಜಿಪ್ಟಿನಿಂದ ಹೊರಟ ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರವೇ ಮನ್ನ, ಬೆಳಿಗ್ಗೆ ನೆಲದಿಂದ ಕೂಡಿಸಿಕೊಳ್ಳಬೇಕು. ತಲೆಗೆ ಒಂದು ಓಮೆರ್, ಅಂದರೆ ಸುಮಾರು 2 ಲೀಟರ್. ನಾಳೆಗಿರಲಿ ಅಂತ ಎತ್ತಿಟ್ಟವರ ಮನ್ನಕ್ಕೆ ಹುಳ ಬಿದ್ದು ನಾತ ಹೊಡೆಯಿತು. ಆರನೇ ದಿನ ಮಾತ್ರ ಎರಡರಷ್ಟು, ಅದು ಕೆಡಲಿಲ್ಲ. ಹೀಗೆ 40 ವರ್ಷ! ದೇವರು ಒಂದೇ ಸಲ ಗೋದಾಮು ತುಂಬಿಸಿಕೊಡಬಹುದಿತ್ತು, ಕೊಡಲಿಲ್ಲ. ದಿನಾ ಬೆಳಿಗ್ಗೆ ಎದ್ದು ಹೊರಗೆ ಹೋಗಲೇಬೇಕು. ಕರ್ತನ ಪ್ರಾರ್ಥನೆಯಲ್ಲೂ ಅದೇ ಇದೆ, "ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು". ಚಿಕ್ಕಂದಿನಿಂದ ಬಾಯಿಪಾಠ, ಆ 'ಈ ಹೊತ್ತು' ಮಾತ್ರ ಕಿವಿಗೆ ಬಿದ್ದೇ ಇರಲಿಲ್ಲ.

ನಂಬಿದೆ, ತಕ್ಷಣ ದೊಡ್ಡ ಸಂಬಳದ ಕೆಲಸ ಸಿಕ್ಕಿತು ಅನ್ನುವ ಸಾಕ್ಷಿ ಇದಲ್ಲ. ಅಂಥ ಸಾಕ್ಷಿ ಕೇಳಿದರೆ ನನಗೆ ಈಗೀಗ ಸ್ವಲ್ಪ ಕಿರಿಕಿರಿ, ಸಿಗದವರ ನಂಬಿಕೆ ಕಮ್ಮಿ ಅಂತ ಅರ್ಥವಾ? ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ, ಗುರಿ ಕಡೆಗೆ ಓಡುತ್ತಿದ್ದೇನೆ ಅಂತ ಫಿಲಿಪ್ಪಿ ಊರಿನ ಸಭೆಯವರಿಗೆ ಪತ್ರ ಬರೆದಾಗ ಬೇಡಿ ಹಾಕಿಸಿಕೊಂಡು ಕೂತಿದ್ದ. ಬದುಕುತ್ತೇನೋ ಸಾಯುತ್ತೇನೋ ಅವನಿಗೇ ಗೊತ್ತಿರಲಿಲ್ಲ, ಓಟ ಮಾತ್ರ ನಿಂತಿರಲಿಲ್ಲ.

ನನಗೀಗ ಎರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವ ಕೆಲಸ ಸಿಕ್ಕಿದೆ. ಬಾಡಿಗೆಗೆ ಸಾಲುತ್ತದೆ, ಫೀಸಿಗೆ ಇನ್ನೂ ಇಲ್ಲ. ಎಕ್ಸೆಲ್ ಶೀಟ್ ಅಳಿಸಿದೆ. ಬ್ಯಾಲೆನ್ಸ್ ನೋಡೋದು ಪೂರ್ತಿ ಬಿಟ್ಟಿಲ್ಲ, ಆದರೆ ಓದಿದ ಮೇಲೆ ನೋಡುತ್ತೇನೆ. ಓದು ಯಾಜಕಕಾಂಡ 14ರಲ್ಲಿದೆ, ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕು ಅನ್ನೋ ಅಧ್ಯಾಯ. ನಮ್ಮ ಬಾಡಿಗೆ ಮನೆಯ ಬಚ್ಚಲು ಗೋಡೆ ನೋಡಿ ನಗು ಬಂತು.

ಗ್ಯಾಸ್ ಒಲೆಯ ಪಕ್ಕದಲ್ಲಿ ಈಗ ಒಂದು ಖಾಲಿ ಹಾರ್ಲಿಕ್ಸ್ ಬಾಟಲಿ ಇಟ್ಟಿದ್ದೇನೆ. ಮಗ ತನ್ನ ಪುಟ್ಟ ಕೈಯಲ್ಲಿ ಹಿಡಿ ಹಾಕುತ್ತಾನೆ. ಅರ್ಧ ಅಕ್ಕಿ ಕಟ್ಟೆ ಮೇಲೆ ಚೆಲ್ಲುತ್ತದೆ.